ಮಂಡಿ ಮಡಚಿ ಕೂತರೆ ಮೂಳೆಯೊಳಗೆ ಒತ್ತಡ ಏರುತ್ತಾ?

ಪ್ರಶ್ನೆ: ನನಗೆ 36 ವರ್ಷ. ಮನೆ ದಾವಣಗೆರೆಯಲ್ಲಿ, ಕೆಲಸ ಚಿತ್ರದುರ್ಗದಲ್ಲಿ. ದಿನಾ ಬಸ್ಸಿನಲ್ಲೇ ಓಡಾಟ. ಸೀಟಲ್ಲಿ ಕೂತು ಅರ್ಧ ಗಂಟೆ ಆಗುವಷ್ಟರಲ್ಲಿ ಬಲಮಂಡಿಯ ಮುಂಭಾಗ ಒಳಗಿಂದ ಹಿಂಡಿದ ಹಾಗೆ ನೋಯುತ್ತದೆ. ಕಾಲು ಚಾಚಿದರೆ ಎರಡೇ ನಿಮಿಷಕ್ಕೆ ಕಡಿಮೆ. ಕೋಟೆ ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜಾಸ್ತಿ. ಎಕ್ಸ್‌ರೇ ನಾರ್ಮಲ್. ಮಂಡಿ ಮಡಚಿದಾಗ ಮೂಳೆಯ ಒಳಗೆ ಒತ್ತಡ ಏರಿ ರಕ್ತ ಓಡಾಟ ಕಡಿಮೆಯಾಗುತ್ತದೆ ಅಂತ ಒಬ್ಬರು ಹೇಳಿದರು. ಹೌದಾ? ಮೂಳೆಯೊಳಗೆ ಅಷ್ಟು ರಕ್ತ ಇರುತ್ತಾ? ಇನ್ನೊಂದು ವಿಷಯ. ನಮ್ಮಣ್ಣನ ಮಗನಿಗೆ ಆರು ವರ್ಷ. ನೆಗಡಿ ಬಂದು ಹೋದ ಮೇಲೆ ಮೂರು ದಿನದಿಂದ ಎಡಗಾಲು ಕುಂಟುತ್ತಿದ್ದಾನೆ. ಮಲಗಿದಾಗ ಆ ಕಾಲನ್ನು ಮಡಚಿ, ಹೊರಗೆ ವಾಲಿಸಿಕೊಂಡೇ ಇರುತ್ತಾನೆ. ಕೇಳಿದರೆ ಮಂಡಿ ನೋವು ಅಂತಾನೆ. ಅಜ್ಜಿ ಎಣ್ಣೆ ತಿಕ್ಕಿ ಕಾಲು ಎಳೆದು ನೇರ ಮಾಡಲು ನೋಡುತ್ತಾರೆ, ಅವನು ಕಿರುಚುತ್ತಾನೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಸಂಬಂಧ ಇದೆ. ಆದರೆ ನೀವು ಕೊನೆಗೆ ಬರೆದದ್ದಕ್ಕೆ ನಾನು ಮೊದಲು ಉತ್ತರ ಕೊಡುತ್ತೇನೆ. ನಿಮ್ಮ ಮಂಡಿ ಒಂದು ವಾರ ಕಾದರೂ ನಡೆಯುತ್ತದೆ. ಹುಡುಗನ ಕಾಲು ಕಾಯಬಾರದು.

ಅಜ್ಜಿಗೆ ಇವತ್ತೇ ಹೇಳಿ, ಕಾಲು ಎಳೆಯುವುದು ಬೇಡ. ಎಣ್ಣೆ ಹಚ್ಚಿದರೆ ತೊಂದರೆಯೇನಿಲ್ಲ. ಎಳೆದು ನೇರ ಮಾಡುವುದರಲ್ಲೇ ತೊಂದರೆ ಇರುವುದು. ಹುಡುಗನನ್ನು ನಾಳೆಯೊಳಗೆ ಮೂಳೆ ಡಾಕ್ಟರಿಗೋ ಮಕ್ಕಳ ಡಾಕ್ಟರಿಗೋ ತೋರಿಸಿ. ಜ್ವರ 38.5 ಡಿಗ್ರಿ ಸೆಲ್ಸಿಯಸ್, ಅಂದರೆ 101 ಫ್ಯಾರನ್‌ಹೀಟ್ ದಾಟಿದ್ದರೆ, ಆ ಕಾಲಿನ ಮೇಲೆ ಭಾರವನ್ನೇ ಹಾಕದಿದ್ದರೆ, ಸಪ್ಪಗೆ ಮಲಗಿಬಿಟ್ಟಿದ್ದರೆ ನಾಳೆ ಅಂತಲೂ ಕಾಯಬೇಡಿ, ಈಗಲೇ ಹೊರಡಿ.

ಅವನು ಮಂಡಿ ತೋರಿಸುತ್ತಿದ್ದರೂ ತೊಂದರೆ ಇರುವುದು ಬಹುಶಃ ಮೇಲೆ, ತೊಡೆ ಬುಡದ ಕೀಲಿನಲ್ಲಿ. ಆ ಕೀಲಿಗೆ ಹೋಗುವ ನರದ ಕವಲುಗಳೇ ಮಂಡಿಗೂ ಬರುತ್ತವೆ. ಹಾಗಾಗಿ ಮೇಲಿನ ನೋವು ಕೆಳಗೆ ಕಾಣಿಸಿಕೊಳ್ಳುತ್ತದೆ. ಮಗು ಮಂಡಿ ನೋವು ಅಂದಾಗ ಬರೀ ಮಂಡಿಯ ಎಕ್ಸ್‌ರೇ ತೆಗೆದು 'ಏನೂ ಇಲ್ಲ' ಅಂತ ವಾಪಸ್ ಕಳಿಸುವುದು ನಮ್ಮ ಕಡೆ ಇನ್ನೂ ನಡೆಯುತ್ತದೆ. ಹೋದಾಗ ನೀವೇ ಒಂದು ಮಾತು ಹೇಳಿ, 'ಡಾಕ್ಟ್ರೇ, ತೊಡೆ ಬುಡಾನೂ ಒಂದ್ಸಲ ನೋಡಿ' ಅಂತ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಆ ಮಲಗುವ ಭಂಗಿಗೆ ಬರೋಣ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ತೊಡೆ ಬುಡದ ಕೀಲಿನ ಸುತ್ತ ಒಂದು ಗಟ್ಟಿ ಚೀಲ ಇದೆ. ಅದರ ನಾರುಗಳು ನೇರವಾಗಿಲ್ಲ, ಸ್ವಲ್ಪ ತಿರುಚಿಕೊಂಡು ಇಳಿಯುತ್ತವೆ. ಕಾಲನ್ನು ನೇರ ಮಾಡಿ ಒಳಕ್ಕೆ ತಿರುಗಿಸಿದರೆ ಆ ತಿರುಚು ಬಿಗಿಯಾಗಿ ಚೀಲದ ಒಳಗಿನ ಜಾಗ ಕಮ್ಮಿಯಾಗುತ್ತದೆ. ಕಾಲನ್ನು ಸುಮಾರು 45 ಡಿಗ್ರಿ ಮಡಚಿ, ಸ್ವಲ್ಪ ಅಗಲಿಸಿ, ಹೊರಕ್ಕೆ ವಾಲಿಸಿದರೆ ಚೀಲ ಸಡಿಲವಾಗುತ್ತದೆ, ಜಾಗ ಜಾಸ್ತಿಯಾಗುತ್ತದೆ. ಆರೋಗ್ಯವಂತ ಕೀಲಿನಲ್ಲಿ ಇರುವುದು ಕೆಲವೇ ಹನಿ ದ್ರವ, ಆದ್ದರಿಂದ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಒಳಗೆ ನೀರು ತುಂಬಿಕೊಂಡಾಗ ಮಾತ್ರ ಒಂದೊಂದು ಡಿಗ್ರಿಯೂ ಗೊತ್ತಾಗುತ್ತದೆ. ಹುಡುಗ ಯಾರೂ ಹೇಳಿಕೊಡದೆ ಒತ್ತಡ ಅತಿ ಕಡಿಮೆ ಇರುವ ಭಂಗಿಯನ್ನು ಹುಡುಕಿಕೊಂಡು ಮಲಗಿದ್ದಾನೆ. ಅಜ್ಜಿ ಅದನ್ನು ಅತಿ ಹೆಚ್ಚಿರುವ ಭಂಗಿಗೆ ಎಳೆಯುತ್ತಿದ್ದಾರೆ. ಕಿರುಚದೆ ಇನ್ನೇನು ಮಾಡುತ್ತಾನೆ?

ಯಾವ ಕೀಲು ಯಾವ ಕೋನದಲ್ಲಿ ಹಗುರ ಅನ್ನುವುದನ್ನು 1964ರಲ್ಲೇ ಐರಿಂಗ್ ಮತ್ತು ಮರ್ರೆ ಅನ್ನುವ ವೈದ್ಯರು ಅಳೆದಿದ್ದರು. ಕೀಲಿಗೆ ದ್ರವ ತುಂಬಿಸಿ, ಭಂಗಿ ಬದಲಿಸುತ್ತಾ ಒತ್ತಡ ನೋಡಿದರು. ಪ್ರತಿಯೊಂದು ಕೀಲಿಗೂ ಒಂದು ನಡುಭಂಗಿ ಇದೆ. ಪೂರ್ತಿ ನೇರವೂ ಅಲ್ಲದ, ಪೂರ್ತಿ ಮಡಚಿಯೂ ಇರದ ಆ ಜಾಗದಲ್ಲಿ ಒತ್ತಡ ಅತಿ ಕಡಿಮೆ. ಮಂಡಿಯಲ್ಲಿ ನೀರು ತುಂಬಿದವರು ಕಾಲನ್ನು 30 ಡಿಗ್ರಿಯ ಆಸುಪಾಸು ಮಡಚಿ ಇಟ್ಟುಕೊಳ್ಳುವುದೂ ಇದೇ ಕಾರಣಕ್ಕೆ.

ಒತ್ತಡ ಏರಿದರೆ ನೋವೊಂದೇ ಆಗಿದ್ದರೆ ನಾನು ಇಷ್ಟು ಗಾಬರಿ ಪಡಿಸುತ್ತಿರಲಿಲ್ಲ. ತೊಡೆಮೂಳೆಯ ತಲೆ, ಅಂದರೆ ಬಟ್ಟಲಿನೊಳಗೆ ಕೂರುವ ಆ ಗುಂಡು, ತನ್ನ ರಕ್ತವನ್ನು ಪಡೆಯುವ ದಾರಿ ವಿಚಿತ್ರವಾಗಿದೆ. ರಕ್ತನಾಳಗಳು ಮೂಳೆಯ ಕುತ್ತಿಗೆಗೆ ಅಂಟಿಕೊಂಡು, ಚೀಲದ ಒಳಗಡೆಯಿಂದಲೇ ಮೇಲಕ್ಕೆ ಹತ್ತುತ್ತವೆ. ಅಂದರೆ ಕೀಲಿನೊಳಗೆ ಒತ್ತಡ ಏರಿದರೆ ಅದರ ಹೊಡೆತ ಆ ನಾಳಗಳ ಮೇಲೇ ಬೀಳುತ್ತದೆ. ದೊಡ್ಡವರಲ್ಲಿ ಕೆಳಗಿನ ಮೂಳೆಯಿಂದಲೂ ಒಂದಿಷ್ಟು ರಕ್ತ ಮೇಲೆ ಸಿಗುತ್ತದೆ. ಆರು ವರ್ಷದ ಹುಡುಗನಲ್ಲಿ ನಡುವೆ ಬೆಳವಣಿಗೆಯ ತಟ್ಟೆ ಇರುತ್ತದೆ. ರಕ್ತ ಅದನ್ನು ದಾಟುವುದಿಲ್ಲ. ಆ ಗುಂಡು ಹೆಚ್ಚುಕಡಿಮೆ ಪಕ್ಕದ ನಾಳಗಳನ್ನೇ ನಂಬಿಕೊಂಡಿರುತ್ತದೆ.

ರಕ್ತ ತರುವ ನಾಳಗಳ ಗೋಡೆ ದಪ್ಪ, ಒಳಗೆ ಒತ್ತಡವೂ ಜಾಸ್ತಿ. ರಕ್ತ ವಾಪಸ್ ಒಯ್ಯುವ ಸಿರೆಗಳ ಗೋಡೆ ತೆಳು, ಒತ್ತಡವೂ ಕಡಿಮೆ. ಹೊಲಕ್ಕೆ ನೀರು ಹಾಯಿಸುವ ಲಪೇಟಾ ಪೈಪು ಇರುತ್ತದಲ್ಲ, ಮೇಲೆ ಕಾಲಿಟ್ಟರೆ ಸಾಕು ಚಪ್ಪಟೆಯಾಗುವಂಥದ್ದು, ಸಿರೆ ಹಾಗೆಯೇ. ಹೊರಗಿನ ಒತ್ತಡ ಒಳಗಿನದನ್ನು ಮೀರಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮೊದಲು ಕೆಡುವುದು ವಾಪಸ್ ಹೋಗುವ ದಾರಿ. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗಲು ಆಗುವುದಿಲ್ಲ. ಮೂಳೆಯೊಳಗೆ ರಕ್ತ ಕಟ್ಟಿಕೊಂಡು ಒತ್ತಡ ಏರುತ್ತದೆ. ಅದು ಇನ್ನೂ ಏರಿದರೆ ಒಳಬರುವ ರಕ್ತಕ್ಕೂ ತಡೆ.

ಹೆದರಬೇಡಿ. ನೆಗಡಿ ಆದ ಮೇಲೆ 3ರಿಂದ 10 ವರ್ಷದ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಈ ಕೀಲಿನಲ್ಲಿ ತಾತ್ಕಾಲಿಕವಾಗಿ ನೀರು ತುಂಬುವುದು ತೀರಾ ಸಾಮಾನ್ಯ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಇದೇ ಮುಖವಾಡ ಹಾಕಿಕೊಂಡು ಬರುವ ಇನ್ನೆರಡು ಕಾಯಿಲೆಗಳಿವೆ. ಒಂದು, ಕೀಲಿನೊಳಗೆ ಕೀವು ಆಗುವುದು. ಅದು ಗಂಟೆಗಳ ಲೆಕ್ಕದ ಕೆಲಸ. ಕೀವನ್ನು ಹೊರಗೆ ತೆಗೆಯಲೇಬೇಕು, ಮಾತ್ರೆ ಕೊಟ್ಟು ಕಾಯುವ ಹಾಗಿಲ್ಲ. ಇನ್ನೊಂದು ಪರ್ಥೆಸ್ ಕಾಯಿಲೆ. 4ರಿಂದ 8 ವರ್ಷದವರಲ್ಲಿ ಜಾಸ್ತಿ. ಅದರಲ್ಲಿ ಆ ಗುಂಡಿಗೆ ರಕ್ತ ಸಿಗದೆ ಮೂಳೆ ಸೊರಗುತ್ತದೆ. ಅದಕ್ಕೇ ಅಲ್ಟ್ರಾಸೌಂಡ್ ಮಾಡಿ ನೀರು ಇದೆಯಾ ನೋಡುತ್ತಾರೆ, ರಕ್ತ ಪರೀಕ್ಷೆ ಮಾಡಿ ಸೋಂಕು ಇದೆಯಾ ನೋಡುತ್ತಾರೆ, ಎಕ್ಸ್‌ರೇ ತೆಗೆಯುತ್ತಾರೆ. ಕುಂಟುವುದು ಎರಡು ವಾರ ದಾಟಿಯೂ ನಿಲ್ಲದಿದ್ದರೆ ಮತ್ತೆ ಹೋಗಿ ಎಕ್ಸ್‌ರೇ ಮಾಡಿಸಿ. ಮೊದಲ ಸಲ ಸರಿ ಇತ್ತು ಅಂತ ಸುಮ್ನೆ ಕೂರಬೇಡಿ.

ಅಲ್ಲಿಯವರೆಗೆ ಮಂಡಿ ಕೆಳಗೊಂದು ದಿಂಬು ಕೊಟ್ಟು, ಅವನಿಗೆ ಹೇಗೆ ಹಿತವೋ ಹಾಗೆ ಮಲಗಲು ಬಿಡಿ. ಹಿಂದೆ ಆಸ್ಪತ್ರೆಗಳಲ್ಲೂ ಇಂಥ ಮಕ್ಕಳ ಕಾಲನ್ನು ನೇರವಾಗಿಟ್ಟು ತೂಕ ಕಟ್ಟಿ ಎಳೆಯುತ್ತಿದ್ದರು. ಒತ್ತಡ ಅಳೆದು ನೋಡಿದ ಮೇಲೆ, ಎಳೆಯುವುದೇ ಆದರೆ ಮಡಚಿದ ಭಂಗಿಯಲ್ಲಿ ಎಳೆಯಬೇಕು ಅಂತ ತಿಳಿಯಿತು. ಮನೆಯಲ್ಲಿ ವಯಸ್ಸಾದವರು ಜಾರಿ ಬಿದ್ದು ತೊಡೆಮೂಳೆಯ ಕುತ್ತಿಗೆ ಮುರಿದುಕೊಂಡಾಗಲೂ ಅಷ್ಟೇ. ಚೀಲದೊಳಗೆ ರಕ್ತ ಸೋರಿ ತುಂಬಿರುತ್ತದೆ. ಆಂಬುಲೆನ್ಸ್ ಬರುವವರೆಗೆ ಕಾಲನ್ನು ಎಳೆದು ನೆಟ್ಟಗೆ ಮಾಡುವ ಉಪಕಾರ ಯಾರೂ ಮಾಡುವುದು ಬೇಡ.

ಇದೇ ಕೀಲಿನ ಬಗ್ಗೆ ಇನ್ನೊಂದು ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕೆಲವು ಮಕ್ಕಳು ಹುಟ್ಟುವಾಗಲೇ ಆ ಗುಂಡು ಬಟ್ಟಲಿನಿಂದ ಜಾರಿರುತ್ತದೆ. ವಿಯೆನ್ನಾದ ಅಡಾಲ್ಫ್ ಲೊರೆಂಜ್ ಅನ್ನುವ ಹೆಸರಾಂತ ವೈದ್ಯರು ಕತ್ತರಿ ಹಾಕದೆ ಕೈಯಲ್ಲೇ ಅದನ್ನು ಕೂರಿಸುತ್ತಿದ್ದರು. ಆಮೇಲೆ ಎರಡೂ ತೊಡೆಗಳನ್ನು 90 ಡಿಗ್ರಿ ಮಡಚಿ, ಪೂರ್ತಿ ಅಗಲಿಸಿ, ಕಪ್ಪೆ ಮಲಗಿದ ಹಾಗೆ ಪ್ಲಾಸ್ಟರ್ ಹಾಕುತ್ತಿದ್ದರು. ಗುಂಡು ಬಟ್ಟಲಿನಲ್ಲಿ ಚೆನ್ನಾಗಿಯೇ ಕೂರುತ್ತಿತ್ತು. ಆದರೆ ಬಹಳಷ್ಟು ಮಕ್ಕಳಲ್ಲಿ ಮುಂದೆ ಅದೇ ಗುಂಡು ರಕ್ತವಿಲ್ಲದೆ ಹಾಳಾಗುತ್ತಿತ್ತು. ಕೆನಡಾದ ಟೊರಾಂಟೊದಲ್ಲಿ ರಾಬರ್ಟ್ ಸಾಲ್ಟರ್ ಮತ್ತು ಅವರ ಜೊತೆಗಾರರು ಹಂದಿಮರಿಗಳ ಮೇಲೂ ಪರೀಕ್ಷೆ ಮಾಡಿ 1969ರಲ್ಲಿ ತೋರಿಸಿಕೊಟ್ಟರು, ಕೆಡಿಸುತ್ತಿದ್ದದ್ದು ಆ ಅತಿಯಾದ ಭಂಗಿಯೇ ಅಂತ. ಮಡಚುವುದು ಸರಿ, ಅಗಲಿಸುವುದನ್ನು ಮಿತಿಯಲ್ಲಿಡಿ ಅಂದರು. ಈಗ ಲೋಕದಲ್ಲೆಲ್ಲ ಹಾಗೇ ಪ್ಲಾಸ್ಟರ್ ಹಾಕುವುದು. ಭಂಗಿಯೊಂದೇ ಮೂಳೆಯ ರಕ್ತವನ್ನು ತಡೆಯಬಲ್ಲದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣಿಸಿಲ್ಲ. ಅಂದಹಾಗೆ ನಮ್ಮ ಹೆಂಗಸರು ಕೂಸನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುತ್ತಾರಲ್ಲ, ಅದು ಆ ಮಿತಿಯೊಳಗಿನ ಒಳ್ಳೆಯ ಭಂಗಿ. ಕೂಸಿನ ಕಾಲು ಎರಡನ್ನೂ ಜೋಡಿಸಿ, ನೇರ ಮಾಡಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಒಳ್ಳೆಯದಲ್ಲ.

ಈಗ ನಿಮ್ಮ ಮಂಡಿ. 'ಮೂಳೆಯೊಳಗೆ ಅಷ್ಟು ರಕ್ತ ಇರುತ್ತಾ' ಅಂತ ಕೇಳಿದಿರಿ. ಇರುತ್ತದೆ. ಶಾಲೆಯಲ್ಲಿ ಅಸ್ಥಿಪಂಜರ ನೋಡಿ ನೋಡಿ ಮೂಳೆ ಅಂದರೆ ಒಣಕಲು ಅಂತ ನಮಗೆಲ್ಲ ಅನಿಸಿಬಿಟ್ಟಿದೆ. ಬದುಕಿರುವ ಮೂಳೆಯನ್ನು ಕೊರೆದರೆ ರಕ್ತ ಜಿನುಗುತ್ತದೆ. ಮಜ್ಜೆಯಲ್ಲಿ ದಿನಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಅಷ್ಟು ಕೆಲಸ ಒಣಕಲಿನಲ್ಲಿ ನಡೆಯುವುದಿಲ್ಲ.

ಮೂಳೆಯೊಳಗಿನ ಒತ್ತಡವನ್ನು ಅಳೆಯಲೂ ಆಗುತ್ತದೆ. ಸೂಜಿಯನ್ನು ಮೂಳೆಯೊಳಗೆ ಇಳಿಸಿ, ಸಲೈನ್ ತುಂಬಿದ ಕೊಳವೆಯನ್ನು ಯಂತ್ರಕ್ಕೆ ಜೋಡಿಸುತ್ತಾರೆ. ಪರದೆಯ ಮೇಲೆ ಗೆರೆಯೊಂದು ಮೂಡುತ್ತದೆ. ನೋಡಿದರೆ ಎದೆಬಡಿತದ ಜೊತೆಗೇ ಆ ಗೆರೆಯೂ ಏರಿಳಿಯುತ್ತಿರುತ್ತದೆ. ಮಲಗಿರುವ ಆರೋಗ್ಯವಂತರಲ್ಲಿ ಈ ಒತ್ತಡ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಪಾದರಸದಷ್ಟು. ತೋಳಿನಲ್ಲಿ ಬಿಪಿ ನೋಡಿ 120, 80 ಅನ್ನುತ್ತಾರಲ್ಲ, ಅದೇ ಅಳತೆ.

ಫ್ರಾನ್ಸಿನ ತುಲೂಸ್ ಊರಿನ ಆರ್ಲೆ ಮತ್ತು ಫಿಕಾ ಅನ್ನುವ ವೈದ್ಯರು ತೊಡೆಮೂಳೆಯ ತಲೆ ಸಾಯುವ ಕಾಯಿಲೆಯಲ್ಲಿ ಈ ಅಳತೆಯನ್ನೇ ಬಳಸಿದರು. ಒತ್ತಡ 30 ದಾಟಿದ್ದರೆ ಅನುಮಾನ. ಆಮೇಲೆ 5 ಮಿಲಿಲೀಟರ್ ಸಲೈನ್ ಒಳಗೆ ಬಿಟ್ಟು ನೋಡುತ್ತಿದ್ದರು. ವಾಪಸ್ ದಾರಿ ಸರಿ ಇದ್ದರೆ ಅದು ಹರಿದು ಹೋಗುತ್ತದೆ. ಕಟ್ಟಿದ್ದರೆ ಒತ್ತಡ 10ಕ್ಕಿಂತ ಜಾಸ್ತಿ ಏರಿ ಅಲ್ಲೇ ನಿಲ್ಲುತ್ತದೆ, ಕೆಲವರಿಗೆ ಅದೇ ಹಳೆಯ ನೋವು ಮರುಕಳಿಸುತ್ತದೆ. ಅವರು ಪರೀಕ್ಷೆಗೆಂದು ಮೂಳೆಯ ಚೂರು ತೆಗೆಯಲು ರಂಧ್ರ ಕೊರೆದಾಗ ರೋಗಿಗಳಿಗೆ ನೋವೇ ಇಳಿದುಹೋಯಿತು. ಪರೀಕ್ಷೆಗೆ ಕೊರೆದ ರಂಧ್ರವೇ ಮುಂದೆ ಚಿಕಿತ್ಸೆಯಾಯಿತು. ಇವತ್ತಿಗೂ ಆ ಕಾಯಿಲೆಯ ಮೊದಲ ಹಂತದಲ್ಲಿ ಕೊರೆದು ಒತ್ತಡ ಇಳಿಸುತ್ತಾರೆ.

ಒತ್ತಡ ಏರಿದರೆ ನೋಯುತ್ತದೆ ಅನ್ನುವುದಕ್ಕೆ ತುರ್ತು ವಿಭಾಗದಲ್ಲಿ ಇನ್ನೂ ನೇರವಾದ ಪುರಾವೆ ಸಿಗುತ್ತದೆ. ಅಪಘಾತವಾಗಿ ಕೈಯಲ್ಲಿ ಸಿರೆ ಸಿಗದವರಿಗೆ ಮೊಳಕಾಲ ಮೂಳೆಗೇ ಸೂಜಿ ಹಾಕಿ ಸಲೈನ್ ಕೊಡುತ್ತೇವೆ. ಎಚ್ಚರ ಇರುವವರು ಸೂಜಿ ಹೋಗುವಾಗ ಅಷ್ಟೇನೂ ಒದ್ದಾಡುವುದಿಲ್ಲ. ಸಲೈನನ್ನು ಜೋರಾಗಿ ತಳ್ಳಿದಾಗ ನಿಜವಾದ ನೋವು ಬರುತ್ತದೆ. ಅದಕ್ಕೇ ಮೊದಲು ಮರಗಟ್ಟಿಸುವ ಔಷಧಿ ಬಿಟ್ಟು ಆಮೇಲೆ ಸಲೈನ್. ಮಾಂಸಕ್ಕೆ ನೀರು ತುಂಬಿದರೆ ಅದು ಊದುತ್ತದೆ, ಜಾಗ ಮಾಡಿಕೊಡುತ್ತದೆ. ಮೂಳೆಗೆ ಊದಲು ಬರುವುದಿಲ್ಲ. ಒಳಗೆ ಒಂದಿಷ್ಟು ಜಾಸ್ತಿ ಬಂದರೂ ಅಷ್ಟೂ ಒತ್ತಡವಾಗಿಯೇ ತೋರುತ್ತದೆ. ಮಜ್ಜೆಯಲ್ಲಿ ನೋವಿನ ನರಗಳಿವೆ, ಅವು ಸುಮ್ಮನಿರುವುದಿಲ್ಲ.

ಮಂಡಿಚಿಪ್ಪಿಗೆ ಬರೋಣ. ಅದೊಂದು ಪುಟ್ಟ ಮೂಳೆ. ಮೇಲಿನಿಂದ ತೊಡೆಯ ದೊಡ್ಡ ಸ್ನಾಯುವಿನ ಹಗ್ಗ, ಕೆಳಗಿನಿಂದ ಇನ್ನೊಂದು ಹಗ್ಗ, ನಡುವೆ ಇದು. ರಕ್ತನಾಳಗಳು ಚಿಪ್ಪಿನ ಸುತ್ತ ಬಳೆಯ ಆಕಾರದಲ್ಲಿ ಹರಡಿವೆ. ಮುಖ್ಯವಾಗಿ ಮುಂಭಾಗದಿಂದ ಮತ್ತು ಕೆಳತುದಿಯಿಂದ ಒಳಗೆ ಹೋಗುತ್ತವೆ. ಕಾಲು ನೇರ ಇದ್ದಾಗ ಚಿಪ್ಪು ಸಡಿಲ. ಈಗಲೇ ಕಾಲು ಚಾಚಿ, ತೊಡೆ ಸಡಿಲ ಬಿಟ್ಟು, ಚಿಪ್ಪನ್ನು ಬೆರಳಲ್ಲಿ ಆಚೀಚೆ ಅಲ್ಲಾಡಿಸಿ ನೋಡಿ, ಆಡುತ್ತದೆ. ಮಂಡಿಯನ್ನು 90 ಡಿಗ್ರಿ ಮಡಚಿ ಮತ್ತೆ ಪ್ರಯತ್ನಿಸಿ. ಒಂಚೂರೂ ಕದಲುವುದಿಲ್ಲ. ಎರಡೂ ಹಗ್ಗ ಬಿಗಿದು ಅದನ್ನು ತೊಡೆಮೂಳೆಗೆ ಒತ್ತಿ ಹಿಡಿದಿರುತ್ತವೆ. ಮುಂಭಾಗದ ಚರ್ಮ, ಪೊರೆ ಎಲ್ಲ ಬಿಗಿ. ಆ ಪೊರೆಗಳ ನಡುವೆ ಹಾಯುವ ತೆಳು ಸಿರೆಗಳ ಗತಿ ಏನಾಗಬಹುದು ಅಂತ ನೀವೇ ಊಹಿಸಬಹುದು.

ಊಹೆ ಮಾತ್ರ ಅಲ್ಲ, ಅಳೆದೂ ನೋಡಿದ್ದಾರೆ. 1984ರಲ್ಲಿ ಹೆಜ್‌ಗಾರ್ಡ್ ಮತ್ತು ಆರ್ನಾಲ್ಡಿ ಅನ್ನುವವರು, ಚಿಪ್ಪಿನ ನೋವಿರುವ ಜನರಲ್ಲಿ ಮಂಡಿಯನ್ನು ಮಡಚಿಯೇ ಇಟ್ಟಾಗ ಚಿಪ್ಪಿನೊಳಗಿನ ಒತ್ತಡ ಏರುವುದನ್ನು ವರದಿ ಮಾಡಿದರು. 2007ರಲ್ಲಿ ಸ್ವೀಡನ್ನಿನ ನೆಸ್ಲುಂಡ್ ಮತ್ತು ಜೊತೆಗಾರರು ಸೂಜಿಯ ಗೋಜಿಗೇ ಹೋಗಲಿಲ್ಲ. ಚರ್ಮದ ಮೇಲಿನಿಂದ ಬೆಳಕು ಬಿಟ್ಟು ಚಿಪ್ಪಿನೊಳಗಿನ ರಕ್ತದ ಮಿಡಿತ ನೋಡಿದರು. ಕೊರೋನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಕ್ಲಿಪ್ಪು ಕೂಡ ಹೀಗೇ ಬೆಳಕಿನಿಂದಲೇ ಕೆಲಸ ಮಾಡುವುದು. ಚಿಪ್ಪಿನ ನೋವಿರುವವರಲ್ಲಿ ಮಂಡಿಯನ್ನು 20 ಡಿಗ್ರಿಯಿಂದ 90 ಡಿಗ್ರಿಗೆ ಮಡಚಿದಾಗ ಆ ಮಿಡಿತ ಕುಗ್ಗಿತು. ನೋವಿಲ್ಲದವರಲ್ಲಿ ಹಾಗೆ ಕುಗ್ಗಲಿಲ್ಲ.

ಅಂದರೆ ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಬಸ್ಸಿನ ಸೀಟು ಅಂದರೆ 90 ಡಿಗ್ರಿ. ಮುಂದಿನ ಸೀಟಿಗೆ ಮಂಡಿ ತಾಗುವಷ್ಟು ಇಕ್ಕಟ್ಟಿದ್ದರೆ ಅದಕ್ಕಿಂತಲೂ ಜಾಸ್ತಿ. ತೊಡೆ ಮೇಲೆ ಬ್ಯಾಗು, ಟಿಫನ್ ಡಬ್ಬಿ. ಮಡಚುವುದರ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ, ಕಾಲು ಇಳಿಬಿಡುವುದು. ಎದೆಯ ಮಟ್ಟದಿಂದ ಕೆಳಗೆ ಇರುವ ರಕ್ತದ ಕಂಬದ ಭಾರವೆಲ್ಲ ಕಾಲಿನ ಸಿರೆಗಳ ಮೇಲಿರುತ್ತದೆ. ಅಲುಗದೆ ನಿಂತವರ ಪಾದದ ಸಿರೆಗಳಲ್ಲಿ ಒತ್ತಡ 90ರ ಹತ್ತಿರ ಇರುತ್ತದೆ. ನಡೆಯಲು ಶುರು ಮಾಡಿದರೆ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ಮೇಲಕ್ಕೆ ತಳ್ಳಿ ಅದನ್ನು 30ರ ಆಸುಪಾಸಿಗೆ ಇಳಿಸುತ್ತದೆ. ಕೂತಾಗ ನಿಂತದ್ದಕ್ಕಿಂತ ಕಡಿಮೆ ಇರುತ್ತದೆ ನಿಜ, ಆದರೆ ಹಿಂಡುವ ಕೆಲಸ ನಿಂತಿರುತ್ತದೆ. ಮಂಡಿಯಿಂದ ಕೆಳಗಿನ ಮೂಳೆಗಳ ರಕ್ತವೂ ಕೊನೆಗೆ ಇದೇ ಸಿರೆಗಳಿಗೆ ಇಳಿಯಬೇಕು. ಮಡಚಿ, ಇಳಿಬಿಟ್ಟು, ಅಲುಗದೆ ಒಂದು ಗಂಟೆ. ಚಾಚಿದ ಎರಡು ನಿಮಿಷಕ್ಕೆ ನೋವು ಇಳಿಯುತ್ತದೆ ಅಂದಿರಲ್ಲ, ಆ ಮಾತು ನನಗೆ ಎಕ್ಸ್‌ರೇಗಿಂತ ಜಾಸ್ತಿ ಹೇಳಿತು. ಸವೆತದ ನೋವು ಅಷ್ಟು ಬೇಗ ಮಾತು ಕೇಳುವುದಿಲ್ಲ.

ಆದರೂ ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಮಂಡಿಯ ಮುಂಭಾಗದ ನೋವಿಗೆಲ್ಲ ಒಳಒತ್ತಡವೇ ಕಾರಣ ಅಂತ ಸಾಬೀತಾಗಿಲ್ಲ. ಅದು ಹಲವು ಕಾರಣಗಳಲ್ಲಿ ಒಂದು. ಕೋಟೆ ಇಳಿಯುವಾಗ ನೋಯುತ್ತದೆ ಅಂದಿರಿ, ಅದು ಬೇರೆ ಲೆಕ್ಕ. ಇಳಿಯುವಾಗ ಮಡಚಿದ ಮಂಡಿಯ ಮೇಲೆ ಇಡೀ ದೇಹದ ಭಾರವನ್ನು ತೊಡೆಯ ಸ್ನಾಯು ಮೆಲ್ಲಗೆ ಬಿಡುತ್ತಾ ಹಿಡಿಯಬೇಕು. ಚಿಪ್ಪು ತೊಡೆಮೂಳೆಗೆ ಒತ್ತುವ ಬಲ ದೇಹದ ತೂಕದ ಕೆಲವು ಪಟ್ಟು ಆಗುತ್ತದೆ. ದುರ್ಗದ ಮೆಟ್ಟಿಲುಗಳು ಒಂದರಂತೆ ಒಂದಿಲ್ಲ, ಕೆಲವು ಎತ್ತರ, ಕೆಲವು ನುಣುಪು. ಬಂಡೆಯಲ್ಲೇ ಕಡಿದ ಜಾಗಗಳಲ್ಲಿ ನನ್ನ ಮಂಡಿಯೂ ಗೊಣಗುತ್ತದೆ. ಅಲ್ಲಿ ಅಡ್ಡಡ್ಡ ಹೆಜ್ಜೆ ಇಟ್ಟು ನಿಧಾನ ಇಳಿಯಿರಿ, ಸಾಕು.

ಇಷ್ಟೆಲ್ಲ ಓದಿ 'ಹಾಗಾದರೆ ಕೂತೂ ಕೂತೂ ನನ್ನ ಮೂಳೆ ಸಾಯುತ್ತಾ' ಅಂತ ಕೇಳುತ್ತೀರಿ. ಸಾಯುವುದಿಲ್ಲ. ಕಾಲು ಚಾಚಿದ ಕೂಡಲೇ ದಾರಿ ಬಿಡಿಸಿಕೊಳ್ಳುತ್ತದೆ, ರಕ್ತ ಹರಿಯುತ್ತದೆ. ಭಂಗಿ ಬದಲಿಸುತ್ತಲೇ ಇರುವವರಿಗೆ ಇದು ತೊಂದರೆಯಲ್ಲ. ಕುಕ್ಕರುಗಾಲಿನಲ್ಲಿ ಕೂರಬೇಡಿ, ನೆಲದ ಮೇಲೆ ಕೂರಬೇಡಿ, ನಮ್ಮ ಕಡೆಯ ಶೌಚಾಲಯ ಬಳಸಬೇಡಿ ಅಂತ ಮಂಡಿ ನೋವಿನ ಎಲ್ಲರಿಗೂ ಒಂದೇ ಚೀಟಿ ಬರೆದುಕೊಡುವುದು ನನಗೆ ಹಿಡಿಸುವುದಿಲ್ಲ. ಚಳ್ಳಕೆರೆ ಕಡೆ ಶೇಂಗಾ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಕುಕ್ಕರುಗಾಲಿನಲ್ಲೇ ಸಾಲು ಮುಗಿಸುತ್ತಾರೆ. ಅವರಿಗೆ ಕೂರಬೇಡ ಅಂದರೆ ಕೂಲಿ ಬಿಡು ಅಂದ ಹಾಗೆ. ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಅಂದರೆ ಅದು ಆಗುವ ಮಾತು.

ಬಸ್ಸಿನಲ್ಲಿ ಏನು ಮಾಡಬೇಕು? ಓಡಾಡುವ ದಾರಿಯ ಪಕ್ಕದ ಸೀಟು ಹಿಡಿಯಿರಿ, ಬಲಗಾಲು ಆ ಕಡೆಗೆ ಬರುವ ಹಾಗೆ. 15-20 ನಿಮಿಷಕ್ಕೊಮ್ಮೆ ಕಾಲು ಚಾಚಿ. ಪೂರ್ತಿ ಲಾಕ್ ಮಾಡುವುದು ಬೇಡ, 20-30 ಡಿಗ್ರಿ ಮಡಚಿದ ಹಾಗಿರಲಿ. ಚಾಚಲು ಜಾಗವೇ ಇಲ್ಲದಿದ್ದರೆ ಹಿಮ್ಮಡಿ ಊರಿ ಪಾದ ಎತ್ತಿ, ಬೆರಳು ಊರಿ ಹಿಮ್ಮಡಿ ಎತ್ತಿ, ಮೀನಖಂಡ ಹಿಂಡುವ ಹಾಗೆ. ಬ್ಯಾಗನ್ನು ಮೇಲಿಡಿ. ಸೀಟು ಸಿಗದ ದಿನ ಬೈದುಕೊಳ್ಳಬೇಡಿ, ಸ್ವಲ್ಪ ದೂರ ನಿಂತು ಹೋಗುವುದು ನಿಮ್ಮ ಮಂಡಿಗೆ ಒಳ್ಳೆಯದೇ. ಮೆಡಿಕಲ್ ಶಾಪಿನ ಬಿಗಿ ನೀ ಕ್ಯಾಪ್ ಹಾಕಿಕೊಂಡು ಮಡಚಿ ಕೂರಬೇಡಿ. ಬಿಗಿಯಾದ ಚರ್ಮದ ಮೇಲೆ ಇನ್ನೊಂದು ಬಿಗಿ ಹೇರಿದಂತಾಗುತ್ತದೆ. ನಡೆಯುವಾಗ ಹಾಕಿಕೊಂಡರೆ ಅಡ್ಡಿಯಿಲ್ಲ.

ಇದು ಪ್ರಯಾಣದ ಮಟ್ಟಿಗೆ. ನೋವು ನಿಲ್ಲಿಸುವ ನಿಜವಾದ ಕೆಲಸ ತೊಡೆ ಮತ್ತು ಪಿರ್ರೆಯ ಸ್ನಾಯುಗಳದ್ದು. ಮಲಗಿ ಕಾಲು ನೇರ ಎತ್ತುವುದು, ಪಕ್ಕಕ್ಕೆ ಮಲಗಿ ಎತ್ತುವುದು, ಗೋಡೆಗೆ ಒರಗಿ ನೋವು ಬಾರದಷ್ಟೇ ಕುಗ್ಗಿ ಏಳುವುದು, ಒಂದು ಸಣ್ಣ ಮೆಟ್ಟಿಲು ಹತ್ತಿ ಇಳಿಯುವುದು. ಫಿಸಿಯೋಥೆರಪಿಸ್ಟ್ ಹತ್ತಿರ ಒಂದೆರಡು ಸಲ ಕಲಿತು ಮನೆಯಲ್ಲೇ ಮಾಡಿ. ಆರರಿಂದ ಹನ್ನೆರಡು ವಾರ ಬೇಕು. ಹೆಚ್ಚಿನವರು ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ, ಆಮೇಲೆ 'ಎಕ್ಸರ್‌ಸೈಜಿಂದ ಏನೂ ಆಗಲಿಲ್ಲ' ಅಂತಾರೆ.

ನಿಮ್ಮ ನೋವು ಕೂತಾಗ ಬಂದು ಚಾಚಿದಾಗ ಹೋಗುತ್ತದೆ. ಮಲಗಿದರೂ, ಯಾವ ಭಂಗಿಯಲ್ಲಿದ್ದರೂ, ರಾತ್ರಿಯೆಲ್ಲ ಕುದಿಯುವ ನೋವು ಬೇರೆಯದೇ ಜಾತಿ. ತೊಡೆ ಬುಡದ ಕೀಲು ಸವೆದವರಲ್ಲಿ ವಿಶ್ರಾಂತಿಯಲ್ಲೂ ನೋಯುವವರ ಮೂಳೆಯೊಳಗಿನ ಒತ್ತಡ 40ನ್ನೂ ದಾಟಿರುವುದನ್ನು ಆರ್ನಾಲ್ಡಿ ಅವರೇ 1970ರ ದಶಕದಲ್ಲಿ ತೋರಿಸಿದ್ದರು. ಇನ್ನು ಜಗಳೂರು, ಚಳ್ಳಕೆರೆ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆಯಲ್ಲ, ಬಹಳ ವರ್ಷ ಅದನ್ನೇ ಕುಡಿದವರಿಗೆ ಬೆನ್ನು, ಮಂಡಿ ಎಲ್ಲ ಪೆಡಸಾಗುತ್ತವೆ. ಅದಕ್ಕೆ ಕಾಲು ಚಾಚಿದರೆ ಪರಿಹಾರ ಸಿಗುವುದಿಲ್ಲ.

ತೊಡೆ ಸಂದಿಯಲ್ಲಿ ನೋವು, ಚಕ್ಕಳಮಕ್ಕಳ ಹಾಕಲು ಕಷ್ಟ, ಕಾಲು ಒಳಕ್ಕೆ ತಿರುಗಿಸಿದರೆ ಚುಳುಕು, ಇವು ನಿಮಗೋ ಮನೆಯಲ್ಲಿ ಯಾರಿಗೋ ಇದ್ದರೆ ಎಕ್ಸ್‌ರೇ ನಾರ್ಮಲ್ ಅಂತ ಸಮಾಧಾನ ಪಡಬೇಡಿ. ತೊಡೆಮೂಳೆಯ ತಲೆಗೆ ರಕ್ತ ಕಮ್ಮಿಯಾಗುವ ಕಾಯಿಲೆ ಮೊದಮೊದಲು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ಅದಕ್ಕೆ ಕಾರಣವಾಗುವ ದೊಡ್ಡ ಎರಡು ಅಂದರೆ ಅತಿ ಕುಡಿತ ಮತ್ತು ಸ್ಟೀರಾಯ್ಡ್. ಕೀಲು ನೋವಿಗೆ ಅಂತ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಪುಡಿ, ಒಂದೇ ದಿನಕ್ಕೆ ಮ್ಯಾಜಿಕ್ ಮಾಡುವ ಗುಳಿಗೆ, ಇವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಉಂಟು. ಅಂಥದ್ದು ಮನೆಯಲ್ಲಿದ್ದರೆ ಪೊಟ್ಟಣದ ಸಮೇತ ಡಾಕ್ಟರಿಗೆ ತೋರಿಸಿ. ಬಹಳ ದಿನದಿಂದ ತಗೊಳ್ಳುತ್ತಿರುವವರು ಮಾತ್ರ ಓದಿದ ಕೂಡಲೇ ತಟ್ಟನೆ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರಬೇಕು.